ಬೋರ್ಡಿನ ನಡುವೆ ಒಂದು ಆಂಡ್

ಬೋರ್ಡು ಬರೆಯುವವನ ಜೀವನದಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾವು ಬರೆಯುವುದು ನಾಲ್ಕು ಶಬ್ದ. ಅದರಿಂದ ಹುಟ್ಟುವ ಜಗಳ ನಾಲ್ಕು ವರ್ಷ.

ಕಡಬದಲ್ಲಿ ನನ್ನದೊಂದು ಸಣ್ಣ ಅಂಗಡಿ ಉಂಟು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ. ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ, ಬರೆಯಲಿಕ್ಕೆ ಬರುತ್ತದೆ. ಕೇಳಿದವರು ನಗುತ್ತಾರೆ. ದನದ ಚಿತ್ರ ಬರೆಯುವವನಿಗೆ ಹಾಲು ಕರೆಯಲಿಕ್ಕೂ ಬರಬೇಕು ಅಂತ ಇಲ್ಲವಲ್ಲ.

ಓದುವ ಕೆಲಸ ಹೆಂಡತಿಯದ್ದು. ಅವಳು ಹತ್ತನೇ ಪಾಸು. ಗಿರಾಕಿ ಹೇಳಿದ್ದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡುತ್ತಿದ್ದಳು. ನಾನು ಅದನ್ನು ನೋಡಿ ಬರೆಯುತ್ತಿದ್ದೆ. ಮುಗಿದ ಮೇಲೆ ಅವಳು ಎದುರು ನಿಂತು ಓದುತ್ತಿದ್ದಳು. "ಸರಿ ಉಂಟು" ಅಂದರೆ ಬ್ರಷ್ ತೊಳೆಯುವುದು. ಮೂವತ್ತು ವರ್ಷ ಹೀಗೇ ಹೋಯಿತು.

ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಅಲ್ಲಿಂದ ನಾನು ಒಂದು ಬೋರ್ಡೂ ಬರೆದಿರಲಿಲ್ಲ. ಮಗಳು ಸುಳ್ಯದಲ್ಲಿ ಟೀಚರ್. "ಅಂಗಡಿ ಬಿಟ್ಟು ಬನ್ನಿ ಅಪ್ಪ, ನಮ್ಮೊಟ್ಟಿಗೆ ಇರಿ" ಅಂತ ದಿನಾ ಫೋನು. ಅವಳು ಹೇಳುವುದು ಸರಿಯೇ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುವುದು ಅಂತ ಮಾತಾಯಿತು. ಹೆಂಡತಿ ಇಲ್ಲದೆ ಒಂದು ಬೋರ್ಡು ಬರೆಯಲಿಕ್ಕೆ ನನ್ನಿಂದ ಆಗುತ್ತದಾ, ಇಲ್ವಾ, ಅದು ನನಗೂ ಗೊತ್ತಿರಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

ಸಾಮಾನು ಕಟ್ಟುವಾಗ ಅವಳ ಹಳೆ ಚೀಟಿಗಳು ಸಿಕ್ಕಿದವು. ಅರ್ಧಕ್ಕರ್ಧ ಚೀಟಿಯಲ್ಲಿ ಆಂಡ್ ಉಂಟು. ಈ ಇಂಗ್ಲಿಷಿನವರಿಗೆ ಯಾರನ್ನು ಯಾರೊಟ್ಟಿಗೆ ಸೇರಿಸುವುದಾದರೂ ನಡುವೆ ಅದು ಬೇಕು. ಅದಕ್ಕೊಂದು ಗುರುತು ಉಂಟಲ್ಲ, ಬೆಕ್ಕು ಕೂತ ಹಾಗೆ, ಬೋರ್ಡಿನಲ್ಲಿ ನಾನು ಮೊದಲು ಬರೆಯುವುದು ಅದನ್ನೇ. ಸರೀ ನಡುವಿಗೆ. ಆಮೇಲೆ ಎಡಕ್ಕೆ, ಬಲಕ್ಕೆ. ಹಾಗೆ ಮಾಡಿದರೆ ಬೋರ್ಡು ಒಂದು ಬದಿಗೆ ವಾಲಿದ ಹಾಗೆ ಕಾಣುವುದಿಲ್ಲ.

ಹೆಂಡತಿ ಒಮ್ಮೆ ಹೇಳಿದ್ದಳು. "ನಮ್ಮ ಮಾತಿನಲ್ಲಿ ಅಪ್ಪನೂ ಅಮ್ಮನೂ ಮಕ್ಕಳೂ ಅಂತ ಒಬ್ಬೊಬ್ಬರ ಕೈ ಹಿಡಿದು ಕರೀತೇವೆ. ಇಂಗ್ಲಿಷಿನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊನೆಯವರ ಎದುರಿಗೆ ಒಂದು ಆಂಡ್ ಇಟ್ಟು ಕೈ ತೊಳ್ಕೊಳ್ತಾರೆ."

ಆ ಒಂದು ಆಂಡಿನಿಂದ ಆದದ್ದನ್ನು ಹೇಳುತ್ತೇನೆ.

ಗಂಡುಮಕ್ಕಳಿಲ್ಲದ ಸನ್ಸ್

ಪುತ್ತೂರಿನಲ್ಲಿ ಒಬ್ಬರು ಬ್ಯಾರಿ ಮುಸ್ಲಿಮರು, ಊರಿಗೆಲ್ಲ ಕಾಕ. ಬಟ್ಟೆ ವ್ಯಾಪಾರ. ಹೊಸ ಅಂಗಡಿಗೆ ಬೋರ್ಡು ಬೇಕು ಅಂತ ಬಂದರು. ಅವರ ಹೆಸರು ಹಾಕಿ, ಮುಂದೆ "ಆಂಡ್ ಸನ್ಸ್" ಬರೆಯಬೇಕು.

ಹೆಂಡತಿ ಚೀಟಿ ಬರೆಯುವುದು ನಿಲ್ಲಿಸಿದಳು.

"ಕಾಕ, ನಿಮಗೆ ಮೂರೂ ಹೆಣ್ಣಲ್ವಾ?"

"ಹೌದು. ಅದಕ್ಕೆಂತ?"

"ಸನ್ಸ್ ಅಂದ್ರೆ ಗಂಡುಮಕ್ಕಳು."

"ಗೊತ್ತುಂಟು ಮಾರಾಯ್ತಿ. ಮೂವರಿಗೆ ಮದುವೆ ಆದರೆ ಮೂವರು ಅಳಿಯಂದಿರು ಬರುದಿಲ್ವಾ? ಬಂದವರಿಗೆ ಕೂರಲಿಕ್ಕೆ ಜಾಗ ಬೇಡವಾ? ಈಗಲೇ ಬರೆದಿಡಿ."

ಬರೆದೆ. ಅಳಿಯಂದಿರೂ ಬಂದರು, ಮೂವರೂ ಒಳ್ಳೆಯವರು. ಮದುವೆಯಾಗಿ ಒಬ್ಬರ ಹಿಂದೆ ಒಬ್ಬರು ಗಲ್ಫಿಗೆ ಹೋದರು. ಕಾಕನಿಗೆ ಪ್ರಾಯವಾಯಿತು. ಈಗ ಅಂಗಡಿ ನೋಡುವುದು ದೊಡ್ಡ ಮಗಳು. ಬಟ್ಟೆ ಅಳೆಯುವುದೂ ಅವಳೇ, ಮಾತಾಡುವುದೂ ಅವಳೇ.

ಹೋದ ವರ್ಷ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಹೊರಗಿನ ಊರಿನವರೊಬ್ಬರು ಬೋರ್ಡು ನೋಡಿ ಕೇಳಿದರು, "ಇಲ್ಲಿ ಸನ್ಸ್ ಯಾರೂ ಇಲ್ವಾ?"

ಕಾಕನ ಮಗಳು ಕತ್ತರಿ ಕೆಳಗಿಡದೆ ಹೇಳಿದಳು, "ಸನ್ಸ್ ಎಲ್ಲ ಗಲ್ಫಿನಲ್ಲಿ ಉಂಟು. ಇಲ್ಲಿ ಇರುದು ಆಂಡ್ ಮಾತ್ರ. ಎಂತ ಬೇಕು, ಹೇಳಿ."

ಗೋಡೆ ಬಂದ ಜಾಗ

ಸುಳ್ಯದ ಹತ್ತಿರ ಅಣ್ಣ ತಮ್ಮ ಸೇರಿ ರಬ್ಬರ್ ಶೀಟಿನ ಅಂಗಡಿ ಇಟ್ಟಿದ್ದರು. "ಬ್ರದರ್ಸ್ ಆಂಡ್ ಕಂಪೆನಿ". ಗೋಡೆಗೇ ಬರೆದದ್ದು ನಾನು. ಐದಾರು ವರ್ಷ ಚೆನ್ನಾಗಿದ್ದರು. ಆಮೇಲೆ ಪಾಲಾಯಿತು. ಅಂಗಡಿಯ ನಡುವೆ ಗೋಡೆ ಎಬ್ಬಿಸಿದರು. ಅಳೆದು ನೋಡಿದರೆ ಆ ಗೋಡೆ ಬಂದದ್ದು ಸರೀ ಆಂಡಿನ ಕೆಳಗೆ.

ನನ್ನನ್ನು ಕರೆಸಿದರು. ಅಣ್ಣ, "ಹಿರಿಯ ನಾನು, ಆಂಡ್ ನನ್ನ ಬದಿಗೆ ಇರ್ಲಿ" ಅಂದ. ತಮ್ಮ, "ಅದು ಬರೆಯುವಾಗ ಏಣಿ ಹಿಡಿದದ್ದು ನಾನು, ನನಗೇ ಬೇಕು" ಅಂದ. ಆಮೇಲೆ ಇಬ್ಬರೂ ತಮ್ಮ ಮನೆಮಾತು ಅರೆಭಾಷೆಯಲ್ಲಿ ಜಗಳ ಸುರು ಮಾಡಿದರು. ನಾನು ಪೇಂಟಿನ ಡಬ್ಬಿ ಹಿಡಿದು ಬಿಸಿಲಿನಲ್ಲಿ ನಿಂತೆ. ಎಂತ ಮಾಡುವುದು ಅಂತ ಹೆಂಡತಿಗೆ ಫೋನು ಮಾಡಿದೆ.

ಅವಳು ಹೇಳಿದಳು, "ಆಂಡ್ ಅಂತ ಬರೆದು ನಿಲ್ಲಿಸಿದರೆ ಮುಂದೆ ಇನ್ನೊಬ್ಬರು ಬೇಕು ಅಂತ ಅರ್ಥ. ಅದು ಯಾರ ಬದಿಗೆ ಹೋಗ್ತದೋ, ಅವರಿಗೆ ಒಬ್ಬರೇ ಇರಲಿಕ್ಕೆ ಆಗುದಿಲ್ಲ ಅಂತ ಜನ ತಿಳ್ಕೊಳ್ತಾರೆ. ಹೇಳಿ ನೋಡಿ."

ಹೇಳಿದೆ. ಇಬ್ಬರೂ ತಲೆ ಎತ್ತಿ ಗೋಡೆ ನೋಡಿದರು. ಆಮೇಲೆ ಅಣ್ಣ, "ನನಗೆ ಬೇಡ" ಅಂದ. ತಮ್ಮ, "ನನಗೆ ಮೊದಲೇ ಬೇಡ" ಅಂದ.

ಎಡದ ಶಬ್ದ ಒರೆಸಿ ಅಣ್ಣನ ಹೆಸರು ಬರೆದೆ. ಬಲದ್ದು ಒರೆಸಿ ತಮ್ಮನದ್ದು ಬರೆದೆ. ಆಂಡನ್ನು ಒರೆಸಲಿಕ್ಕೆ ಇಬ್ಬರೂ ಹೇಳಲಿಲ್ಲ. ಹೇಳಿದರೆ ಅದು ತನ್ನದು ಅಂತ ಆಗುತ್ತದಲ್ಲ. ಹಾಗೇ ಉಳಿಯಿತು. ಈಗ ಆ ಸ್ಟಾಪಿನ ಹೆಸರೇ ಅದು. ಜೀಪಿನವರು "ಆಂಡ್, ಆಂಡ್, ಆಂಡಿಗೆ ಇಳಿಯುವವರು" ಅಂತ ಕೂಗುತ್ತಾರೆ. ಸಂಜೆ ಅಣ್ಣ ತಮ್ಮ ಮನೆಗೆ ಹೋಗುವುದೂ ಅದೇ ಜೀಪಿನಲ್ಲಿ. ಹನ್ನೆರಡು ಜನ ತುಂಬಿದ ಮೇಲೆ ಒಬ್ಬರ ಮಡಿಲಿನಲ್ಲಿ ಒಬ್ಬರು.

ಏಳು ಮಾವಂದಿರು

ಇದು ಕೊಲ್ಲಮೊಗ್ರಿನ ಒಂದು ಮದುವೆಯದ್ದು. ಮಂಟಪದ ಹಿಂದೆ ಕಟ್ಟಲಿಕ್ಕೆ ಬಟ್ಟೆಯ ಬ್ಯಾನರು. ಮದುಮಗನ ಹೆಸರು, ಮದುಮಗಳ ಹೆಸರು, ಶುಭ ಕೋರುವವರು. ಮದುಮಗನಿಗೆ ಸೋದರಮಾವಂದಿರು ಏಳು ಜನ. ಅಪ್ಪನ ಬದಿಯ ಅತ್ತೆ ಒಬ್ಬರೇ. ಹೆಂಡತಿ ಚೀಟಿಯಲ್ಲಿ "ಅಂಕಲ್ಸ್ ಆಂಡ್ ಆಂಟಿ" ಅಂತ ಬರೆದಳು.

ಮೊದಲು ಅತ್ತೆ ಬಂದರು. "ನನ್ನನ್ನು ಕೊನೆಗೆ ಹಾಕಿದ್ರಾ?"

"ಅಮ್ಮಾ, ಆ ಆಂಡ್ ಇಟ್ಟದ್ದೇ ನಿಮಗಾಗಿ" ಅಂದಳು ಹೆಂಡತಿ. ಅತ್ತೆ ಸಮಾಧಾನದಲ್ಲಿ ಹೋದರು.

ಮರುದಿನ ಮಾವಂದಿರು ಬಂದರು. ಏಳೂ ಜನ. ಹಿರಿಯ ಮಾವನೇ ಮಾತು ತೆಗೆದರು.

"ಅಲ್ಲ ಮಾರಾಯ್ರೆ, ಅವಳು ಒಬ್ಬಳು. ಅವಳಿಗೆ ಒಂದು ಇಡೀ ಶಬ್ದ, ಮೇಲಿಂದ ಒಂದು ಆಂಡ್. ನಾವು ಏಳು ಜನ. ಏಳು ಜನರನ್ನು ಒಂದೇ ಶಬ್ದಕ್ಕೆ ತುಂಬಿಸಿದ್ದೀರಿ. ಇದೆಂತ ಕಡಬದ ಜೀಪಾ?"

"ಇಂಗ್ಲಿಷಿನಲ್ಲಿ ಹಾಗೆಯೇ ಮಾವ. ಎಷ್ಟು ಜನ ಇದ್ದರೂ ಅಂಕಲ್ಸ್ ಒಂದೇ" ಅಂದಳು ಹೆಂಡತಿ.

"ಮದುಮಗನನ್ನು ಎತ್ತಿ ಆಡಿಸಿದ್ದು ಇಂಗ್ಲಿಷಿನವರಾ, ನಾವಾ?"

ಸೋದರಮಾವ ಮುನಿಸಿಕೊಂಡರೆ ನಮ್ಮ ಕಡೆ ಮದುವೆ ಮುಂದೆ ಹೋಗುವುದಿಲ್ಲ. ಹೆಂಡತಿ ಹೊಸ ಚೀಟಿ ಬರೆದಳು. ಅಂಕಲ್, ಅಂಕಲ್, ಅಂಕಲ್ ಅಂತ ಏಳು ಸಲ. ನಾನೂ ಹಾಗೇ ಬರೆದೆ. ಬಟ್ಟೆ ಸಾಲಲಿಲ್ಲ, ಇನ್ನೊಂದು ತುಂಡು ಹೊಲಿದು ಸೇರಿಸಿದೆವು. ಕಟ್ಟಿದಾಗ ಒಂದು ಕೊನೆ ಕಂಬದ ಹಿಂದೆ ಹೋಯಿತು. ಆ ಕೊನೆಯಲ್ಲಿ ಇದ್ದದ್ದು ಮದುಮಗನ ಹೆಸರು.

ಊಟ ಮಾಡಿ ಕೈ ತೊಳೆಯುವಾಗ ಒಬ್ಬರು ನನ್ನ ಹತ್ತಿರ ಕೇಳಿದರು, "ಏಳರಲ್ಲಿ ಮದುಮಗ ಯಾರು?"

ಅವತ್ತು ಜೀಪಿನಲ್ಲಿ ಬರುವಾಗ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಡಬದವರೆಗೂ ನಕ್ಕಳು. ಅವಳನ್ನು ಕೊಂಡುಹೋದ ಜ್ವರ ಬಂದದ್ದು ಆಮೇಲೆ.

ಗಿಡ, ಚಟ್ಟಿ

ಇದು ಈ ತಿಂಗಳಿನದ್ದು. ನಾನು ಚೀಟಿಗಳನ್ನು ಗೋಣಿಗೆ ತುಂಬಿಸುತ್ತಿದ್ದೆ. ರಾಮಕುಂಜದಿಂದ ಗಂಡ ಹೆಂಡತಿ ಬಂದರು. ನನ್ನದೇ ಪ್ರಾಯ. ಹೂವಿನ ಗಿಡ, ಅದನ್ನು ನೆಡುವ ಚಟ್ಟಿ ಮಾರುವ ಅಂಗಡಿ ಇಡುತ್ತಾರಂತೆ.

"ನಿಲ್ಲಿಸಿದೆ ಅಕ್ಕ" ಅಂದೆ. "ಚೀಟಿ ಬರೆದು, ಎದುರು ನಿಂತು ಓದುವವಳು ಇಲ್ಲ."

ಆಯಮ್ಮ ಗೋಣಿಯಿಂದ ಒಂದು ಚೀಟಿ ತೆಗೆದು ನೋಡಿದರು. ಆಮೇಲೆ, "ಚೀಟಿ ನಾನೇ ಬರೀತೇನೆ. ಎದುರು ನಿಂತು ಓದ್ತೇನೆ. ನೀವು ಬರೀರಿ" ಅಂದರು.

ನಾನು ಗೋಣಿ ಬದಿಗಿಟ್ಟೆ. ಅಷ್ಟರಲ್ಲಿ ಅವರ ಗಂಡ ಸುರು ಮಾಡಿದರು.

"ನನ್ನ ಹೆಸರು ಹಾಕಿ, ಆಂಡ್ ವೈಫ್ ಅಂತ ಬರೀರಿ."

"ನಾನೆಂತ ನಿಮ್ಮ ಬಾಲವಾ?" ಅಂದರು ಆಯಮ್ಮ. "ನೀರು ಹಾಕುದು ನಾನು. ಗೊಬ್ಬರ ಹಾಕುದು ನಾನು. ನೀವು ಪೇಪರ್ ಓದುದು."

"ಜಾಗ ನನ್ನದಲ್ವಾ? ಬೋರ್ಡಿನಲ್ಲಿ ನಾನು ಇರ್ಲೇಬೇಕು."

"ಇರಿ, ಯಾರು ಬೇಡ ಅಂದದ್ದು? ಅಂಗಡಿಯಲ್ಲಿ ಎಂತೆಲ್ಲ ಉಂಟು, ಅದನ್ನು ಸಾಲಾಗಿ ಬರೆಯುವ. ಗಿಡಗಳು, ಚಟ್ಟಿಗಳು, ಮತ್ತೆ ನೀವು."

ಚೀಟಿ ಬರೆದು ನನ್ನ ಕೈಗೆ ಕೊಟ್ಟರು. "ಪ್ಲಾಂಟ್ಸ್, ಪಾಟ್ಸ್ ಆಂಡ್ ಹಸ್ಬೆಂಡ್". ಗಂಡನಿಗೂ ಓದಿ ಹೇಳಿದರು. ಅವರು, "ಕೊನೆಗಾದರೂ ಆಂಡ್ ನನ್ನ ಹತ್ತಿರವೇ ಉಂಟಲ್ಲ, ಆಗಬಹುದು" ಅಂದರು.

ಬ್ರಷ್ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿದೆ. ಮೊದಲು ನಡುವಿನ ಗುರುತು ಬರೆದೆ. ಎಡಕ್ಕೆ ಬರೆದೆ, ಬಲಕ್ಕೆ ಬರೆದೆ. ಆಯಮ್ಮ ಎದುರು ನಿಂತು ಒಂದೊಂದೇ ಅಕ್ಷರ ಬೆರಳು ತೋರಿಸಿ ಓದಿದರು. "ಸರಿ ಉಂಟು" ಅಂದರು. ನಾನು ಮುಖ ತಿರುಗಿಸಿ ಬ್ರಷ್ ತೊಳೆದೆ.

ಬೋರ್ಡು ಕಟ್ಟಲಿಕ್ಕೆ ರಾಮಕುಂಜಕ್ಕೆ ನಾನೇ ಹೋದೆ. ನಾನು ಏಣಿಯ ಮೇಲೆ, ಗಂಡ ಬೋರ್ಡಿನ ಕೆಳಗೆ ಕುರ್ಚಿಯಲ್ಲಿ ಪೇಪರ್ ಹಿಡಿದು. ಬೈಕಿನಲ್ಲಿ ಒಬ್ಬಳು ಟೀಚರಮ್ಮ ಬಂದು ನಿಂತಳು. ಬೋರ್ಡು ಓದಿದಳು. ಕುರ್ಚಿ ನೋಡಿದಳು. ಪುನಃ ಬೋರ್ಡು ಓದಿದಳು.

"ಅಕ್ಕ, ದಾಸವಾಳ ಎಷ್ಟು?"

ಆಯಮ್ಮ ಹೇಳಿದರು.

"ಚಟ್ಟಿ?"

ಅದನ್ನೂ ಹೇಳಿದರು.

"ಇವರು?"

"ಅದು ಹಳೇ ಸ್ಟಾಕು" ಅಂದರು ಆಯಮ್ಮ. "ಕೊಂಡುಹೋದರೆ ವಾಪಸ್ ತಗೊಳ್ಳುದಿಲ್ಲ."

ನಾನು ಏಣಿಯ ಮೇಲೆಯೇ ನಕ್ಕೆ. ಎಂಟು ತಿಂಗಳಿಂದ ನಕ್ಕಿರಲಿಲ್ಲ, ಹಾಗಾಗಿ ನಿಲ್ಲಿಸುವುದು ಹೇಗೆ ಅಂತ ಮರೆತು ಹೋಗಿತ್ತು. ಗಂಡ ಪೇಪರ್ ಬಿಸಾಡಿ ಓಡಿ ಬಂದು ಏಣಿ ಹಿಡಿದರು. "ಬೀಳ್ತೀರಿ ಮಾರಾಯ್ರೆ. ಬಿದ್ದರೆ ನಿಮ್ಮನ್ನೂ ಇವಳು ಮಾರ್ತಾಳೆ."

ಮರುವಾರ ಕಡಬದ ಅಂಗಡಿಗೆ ಇಬ್ಬರು ಹೆಂಗಸರು ಬಂದರು. ಒಬ್ಬರದ್ದು ಕೋಳಿ ಮರಿಯ ವ್ಯಾಪಾರ, ಇನ್ನೊಬ್ಬರದ್ದು ಉಪ್ಪಿನಕಾಯಿ. ಇಬ್ಬರೂ ರಾಮಕುಂಜದ ಬೋರ್ಡು ನೋಡಿ ಬಂದದ್ದು. ಚೀಟಿ ಅವರೇ ಬರೆದು ತಂದಿದ್ದರು, ಇಬ್ಬರದ್ದರಲ್ಲೂ ಕೊನೆಗೆ ಅದೇ ಆಂಡ್ ಹಸ್ಬೆಂಡ್. ಓದಿ ಸರಿ ನೋಡುವುದೂ ತಾವೇ ಅಂದರು.

ಸಂಜೆ ಮಗಳ ಫೋನು ಬಂತು. "ಅಪ್ಪ, ಅಂಗಡಿ ಖಾಲಿ ಮಾಡಿ ಆಯ್ತಾ?"

"ಇಲ್ಲ ಮಗಾ" ಅಂದೆ. "ಇನ್ನೂ ಇಬ್ಬರು ಗಂಡಂದಿರು ಬಾಕಿ ಉಂಟು."