ಮಾಬುನ್ನಿಯ ನಾಲ್ಕು ಚಕ್ರ

ಹನ್ನೊಂದನೆಯ ದಿನದ ಊಟ ಮುಗಿದರೂ, ಮರುದಿನ ಅಮಾವಾಸ್ಯೆಯೆಂದು ನೆಂಟರು ಹೊರಡಲಿಲ್ಲ. ಗುರುವಾರ ಬೆಳಗಿನ ರೈಲಿಗೆ ಎಲ್ಲರೂ ಹೋದರು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಒಂದನ್ನು ಕಾಯಿಸಿದೆ. ಊಟ ಮಾಡು, ಮಲಗು, ಅಳು ಎಂದು ಹೇಳುವವರು ಯಾರೂ ಇರಲಿಲ್ಲ. ಅದೊಂದು ಅನುಕೂಲ.

ಮಾಡಬೇಕಾದ ಕೆಲಸ ಒಂದಿತ್ತು. ನನ್ನ ಗಂಡ ಕೊಟ್ರೇಶನಿಗೆ ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಟೈರಿನ ಅಂಗಡಿ. ಸಾಯುವ ವಾರದಲ್ಲಿ ಅವನು ಹಿಂದಿನ ಓಣಿಯ ಮಾಬುನ್ನಿಯ ಜೀಪಿನ ನಾಲ್ಕೂ ಚಕ್ರಗಳನ್ನು ಕೇಳಿ ತಂದಿದ್ದ. ಮಾಬುನ್ನಿ ಆ ಜೀಪಿನಲ್ಲಿ ಗುಡ್ಡದ ಮೇಲಿನ ತಾಂಡಾಗಳಿಗೆ ನರ್ಸುಗಳನ್ನೂ ಲಸಿಕೆಯ ಪೆಟ್ಟಿಗೆಗಳನ್ನೂ ಒಯ್ಯುತ್ತಾಳೆ. ಬೇರೆ ಯಾವ ಗಾಡಿಯೂ ಆ ದಾರಿ ಹತ್ತುವುದಿಲ್ಲ. ಬರುವ ಭಾನುವಾರ ಪೋಲಿಯೊ ಹನಿ ಹಾಕುವ ದಿನ. ಜೀಪು ನಾಲ್ಕು ಸೈಜುಗಲ್ಲುಗಳ ಮೇಲೆ ನಿಂತಿತ್ತು. ಹನ್ನೊಂದು ದಿನವೂ ಅವಳು ನಮ್ಮ ಮನೆಗೆ ಬಂದು, ಬಂದವರಿಗೆಲ್ಲ ನೀರು ಕೊಟ್ಟಳು. ಚಕ್ರದ ಮಾತೆತ್ತಲಿಲ್ಲ.

ಚಕ್ರಗಳನ್ನು ತರಲು ಅಂಗಡಿಗೆ ಹೋದೆ. ಅವು ಅಲ್ಲಿದ್ದವು. ಆದರೆ ಕ್ರಷರ್ ಎರ್ರಿಸ್ವಾಮಿಯ ಗಾಡಿಯ ಕೆಳಗಿದ್ದವು.

ಎರ್ರಿಸ್ವಾಮಿ ಜಲ್ಲಿ ಕ್ರಷರಿನ ಮಾಲೀಕ. ಮನೆಯಷ್ಟು ಬೆಲೆಯ ಫೋರ್ ವ್ಹೀಲ್ ಡ್ರೈವ್ ಗಾಡಿ ಕೊಂಡಿದ್ದ. ಒಳಗೆ ಸೀಟು ಬೆನ್ನು ಒತ್ತುತ್ತದೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಚಕ್ರ ಮಾತ್ರ ಇಪ್ಪತ್ತೆರಡು ಇಂಚಿನ ಹೊಳೆಯುವ ರಿಮ್ಮಿಗೆ ಹಪ್ಪಳದಷ್ಟು ರಬ್ಬರು ಸುತ್ತಿದ್ದು. ಗುಡ್ಡದ ಮೇಲೆ ಅವನು ಒಂದು ಬಂಗಲೆ ಕಟ್ಟಿಸುತ್ತಿದ್ದ. ಒಂದೇ ತಿಂಗಳಲ್ಲಿ ಆ ದಾರಿಯಲ್ಲಿ ಮೂರು ಟೈರು ಹರಿದಿದ್ದ. ಮಾಬುನ್ನಿಯ ಜೀಪು ಅದೇ ಕಂಪನಿಯ ಹಳೆಯ ಗಾಡಿ, ಅದರ ಚಕ್ರ ಇದಕ್ಕೂ ಕೂರುತ್ತದೆ. ಆ ಹದಿನೆಂಟು ಇಂಚಿನ ಚಕ್ರ ಹಾಕಿ ತೋರಿಸಿದರೆ ಗುಡ್ಡಕ್ಕೆ ಚಿಕ್ಕ ರಿಮ್ಮೇ ಸರಿಯೆಂದು ನಂಬುತ್ತಾನೆಂದು ಕೊಟ್ರೇಶ ಅವನ್ನು ತಂದಿದ್ದ. ಅಷ್ಟರಲ್ಲಿ ಜಂಬಣ್ಣ ಮಾವ ನಡುವೆ ಬಂದಿದ್ದರು.

ಜಂಬಣ್ಣ ಮಾವ ಕೊಟ್ರೇಶನ ದೊಡ್ಡಪ್ಪ. ಗಣಿಯ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಯಂತ್ರ ಕಟ್ಟುವುದೇ ಕೆಲಸ. ಅವರ ರೊಟ್ಟಿ ಬಡಿಯುವ ಯಂತ್ರ ಹಿಟ್ಟು ಮುಗಿದ ಮೇಲೂ ನಿಲ್ಲದೆ ಅಡುಗೆಮನೆಯ ಗೋಡೆ ಬಡಿದು, ಪಕ್ಕದ ಮನೆಯ ದೇವರಗೂಡಿನಲ್ಲಿ ಹೊರಬಂದಿತ್ತು. ಈ ಸಲದ್ದಕ್ಕೆ ಅವರು ‘ನೆಲಬಲ್ಲ’ ಎಂದು ಹೆಸರಿಟ್ಟಿದ್ದರು. ಬೆರಳು ದಪ್ಪದ ಬೂದು ತೊಗಲು. ಟೈರಿನ ಮೇಲೆ ಹಚ್ಚಿದರೆ ನೆಲಕ್ಕೆ ತಕ್ಕ ಹಾಗೆ ಆಕಾರ ಬದಲಿಸುತ್ತದೆ. ಕೆಸರಿಗೆ ಹಲ್ಲು, ಮರಳಿಗೆ ಅಂಗಾಲು, ಬಂಡೆಗೆ ಉಗುರು. ಅದಕ್ಕೆ ಮೂಗೂ ಇದೆ, ಮುಂದಿನ ನೆಲದ ವಾಸನೆ ಹಿಡಿಯುತ್ತದೆ. ಒಳ್ಳೆಯ ನೆಲ ಸಿಕ್ಕರೆ ತಾನೇ ಅತ್ತ ಹೊರಳಲಿ ಎಂದು ಗುಂಡಿಯಿರುವ ಒಂದು ಡಬ್ಬಿಯಿಂದ ಸ್ಟೀರಿಂಗಿಗೂ ಎಂಜಿನ್ನಿಗೂ ಒಂದೊಂದು ತಂತಿ ಎಳೆದಿದ್ದರು. ಅದು ಬಿಸಿಲಿನಿಂದ ಬದುಕುತ್ತದೆಯಂತೆ, ಬ್ಯಾಟರಿ ಬೇಡ.

ನನ್ನನ್ನು ಕಂಡು ಜಂಬಣ್ಣ ಮಾವ ಚಹಾ ಕುಡಿದೆಯಾ ಎಂದು ಕೇಳಲಿಲ್ಲ. ಹೇಗಿದ್ದೀಯ ಎಂದೂ ಕೇಳಲಿಲ್ಲ. ‘ಛಲೋ ಆತು ಬಂದಿ. ಒಂಬತ್ತು ಹನ್ನೆರಡಕ್ಕ ಮುಹೂರ್ತ ಐತಿ’ ಅಂದರು.

ಮಾಬುನ್ನಿಗೆ ಚಕ್ರ ಬೇಕು, ಭಾನುವಾರ ಕೆಲಸವಿದೆ ಎಂದು ಹೇಳಿದೆ. ಗುಡ್ಡ ಹತ್ತಿ ಇಳಿದರೆ ಮುಗಿಯಿತು, ಮಧ್ಯಾಹ್ನ ಬಿಚ್ಚಿ ಕೊಡುತ್ತೇನೆಂದರು. ನಾನು ಸ್ಟೂಲಿನ ಮೇಲೆ ಕೂತೆ.

ತೊಗಲು ಮೊದಲು ಒಂದು ನೆಲವನ್ನು ಮುಟ್ಟಬೇಕಂತೆ. ಮಾವ ಡಬ್ಬಿಯ ಗುಂಡಿ ಒತ್ತಿದಾಗ ಕೆಳಗೆ ಏನಿರುತ್ತದೋ ಅದನ್ನೇ ನೆಲವೆಂದು ನಂಬಿ, ಆಮೇಲೆ ಬಂದದ್ದನ್ನೆಲ್ಲ ಅದಕ್ಕೆ ಹೋಲಿಸುತ್ತದೆ. ಒಮ್ಮೆ ನಂಬಿದ್ದನ್ನು ಅಳಿಸಲು ಬರುವುದಿಲ್ಲ. ಅದಕ್ಕಾಗಿ ಅಂಗಳಕ್ಕೆ ಕೆಂಪು ಮಣ್ಣು, ಮರಳು, ಜಲ್ಲಿ ಮೂರನ್ನೂ ಹದವಾಗಿ ಹರಡಿದ್ದರು. ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಮಿಶ್ರಣ ಸರಿಯಾಗಿಯೇ ಇತ್ತು.

ಒಂಬತ್ತು ಹನ್ನೊಂದಕ್ಕೆ ಎರ್ರಿಸ್ವಾಮಿಯ ತಾಯಿ ನಾಲ್ಕೂ ಚಕ್ರಕ್ಕೆ ಕುಂಕುಮ ಹಚ್ಚಿ, ಒಂದೊಂದರ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು. ಹೊಸ ಚಕ್ರ ನಿಂಬೆಹಣ್ಣು ಹತ್ತದೆ ಅಂಗಳ ದಾಟುವುದುಂಟೆ? ಯಾರಿಗೂ ಏನೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಒಂಬತ್ತು ಹನ್ನೆರಡಕ್ಕೆ ತೆಂಗಿನಕಾಯಿ ಒಡೆಯಿತು, ಗಾಡಿ ಮುಂದೆ ಸರಿಯಿತು, ನಾಲ್ಕು ನಿಂಬೆಹಣ್ಣು ಪಚಕ್ಕೆಂದವು. ಅದೇ ಕ್ಷಣಕ್ಕೆ, ಮುಹೂರ್ತ ತಪ್ಪಬಾರದೆಂದು, ಮಾವ ಗುಂಡಿ ಒತ್ತಿದರು.

ಎರ್ರಿಸ್ವಾಮಿ ಸ್ಟೀರಿಂಗ್ ಹಿಡಿದ, ಮಾವ ಪಕ್ಕದಲ್ಲಿ ಡಬ್ಬಿ ಹಿಡಿದರು, ನಾನು ಚಕ್ರಗಳ ಹಿಂದೆ ಹೋಗಲೆಂದು ಹಿಂದಿನ ಸೀಟಿನಲ್ಲಿ ಕೂತೆ. ಸೀಟು ನನ್ನ ಬೆನ್ನು ಒತ್ತತೊಡಗಿತು. ಹೇಗೆ ನಿಲ್ಲಿಸುವುದೋ ತಿಳಿಯಲಿಲ್ಲ.

ಡಾಂಬರು ರಸ್ತೆಗೆ ಬಂದ ಕೂಡಲೇ ತೊಗಲಿನ ಮೈತುಂಬ ಬಟ್ಟಲುಗಳೆದ್ದವು. ಒಂದೊಂದು ಬಟ್ಟಲೂ ಸರಿಯಾಗಿ ಒಂದು ನಿಂಬೆಹಣ್ಣು ಹಿಡಿಯುವಷ್ಟು. ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಎರ್ರಿಸ್ವಾಮಿಯ ತಲೆ ಮೂರು ಸಲ ಚಾವಣಿಗೆ ಬಡಿಯಿತು. ಡಾಂಬರು ಅದಕ್ಕೆ ಸೇರುವುದಿಲ್ಲ, ಮಣ್ಣು ಬರಲಿ ನೋಡಿ ಎಂದರು ಮಾವ. ಮಣ್ಣು ಬಂತು. ಗುಡ್ಡದ ಬುಡದ ಕೆಂಪು ದಾರಿಯಲ್ಲಿ ಗಾಡಿ ಮೂಸಿ ನೋಡಿ ನಿಂತುಬಿಟ್ಟಿತು. ಎಷ್ಟು ಆಕ್ಸಿಲರೇಟರ್ ತುಳಿದರೂ ಕದಲಲಿಲ್ಲ. ಮಾವ ಇಳಿದು ಚಕ್ರದ ಮುಂದೆ ಜಲ್ಲಿ ಸುರಿದರೂ ಅಷ್ಟೇ. ಇದು ಯಾವುದೂ ನೆಲವಲ್ಲ ಎಂದು ಅದಕ್ಕೆ ಖಚಿತವಾಗಿತ್ತು.

ಆಗ ಎದುರಿನಿಂದ ಅದಿರಿನ ಲಾರಿಯೊಂದು ಇಳಿದು ಬಂತು. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ಕಟ್ಟಿದ್ದರು.

ನಮ್ಮ ಗಾಡಿ ನಿಂತಲ್ಲೇ ತಿರುಗಿ ಲಾರಿಯ ಬೆನ್ನು ಹತ್ತಿತು. ಹಿಂದಿಕ್ಕಿತು. ಹಿಂದಿಕ್ಕಿದ ಮೇಲೆ ಸರ ಹಿಂದಾಯಿತಲ್ಲ, ಮತ್ತೆ ತಿರುಗಿ, ಲಾರಿಗೆ ಮುಖ ಕೊಟ್ಟು, ಹಿಮ್ಮುಖವಾಗಿ ಓಡತೊಡಗಿತು. ಎರ್ರಿಸ್ವಾಮಿಯೂ ಲಾರಿಯ ಡ್ರೈವರನೂ ಎರಡು ಕಿಲೋಮೀಟರು ಒಬ್ಬರ ಮುಖ ಒಬ್ಬರು ನೋಡುತ್ತ ಬಂದರು. ಡ್ರೈವರ್ ಮೊದಲು ಬೈದ. ಆಮೇಲೆ ಕೈಮುಗಿದ.

ಮೂರು ರಸ್ತೆ ಕೂಡುವಲ್ಲಿ ಗಾಡಿ ಲಾರಿಯನ್ನು ಬಿಟ್ಟಿತು. ಅದಕ್ಕಿಂತ ಒಳ್ಳೆಯ ನೆಲ ಕಂಡಿತ್ತು. ಹಿಂದಿನ ದಿನ ಅಮಾವಾಸ್ಯೆ. ಅರ್ಧ ಊರಿನ ಅಂಗಡಿ, ಆಟೋ, ಮನೆ, ಮಕ್ಕಳಿಗೆ ದೃಷ್ಟಿ ತೆಗೆದ ನಿಂಬೆಹಣ್ಣುಗಳೆಲ್ಲ ಅಲ್ಲಿ ಬಿದ್ದಿದ್ದವು. ನಮ್ಮೂರಲ್ಲಿ ಅವನ್ನು ಯಾರೂ ತುಳಿಯುವುದಿಲ್ಲ. ಸೈಕಲ್ಲಿನವರೂ ಇಳಿದು ಬದಿಗೆ ಹಾಯುತ್ತಾರೆ. ತುಳಿದರೆ ತೆಗೆದ ದೃಷ್ಟಿಯೆಲ್ಲ ತುಳಿದವನಿಗೆ.

ನೆಲಬಲ್ಲ ಒಂದನ್ನೂ ಬಿಡಲಿಲ್ಲ. ಕುಂಕುಮ ತುಂಬಿದ್ದು, ಸೂಜಿ ಚುಚ್ಚಿದ್ದು, ಕರಿದಾರ ಸುತ್ತಿದ್ದು, ಎಲ್ಲವನ್ನೂ ಒಂದೊಂದಾಗಿ, ಆತುರವಿಲ್ಲದೆ ಹತ್ತಿತು. ಜನ ಸೇರಿದರು. ಟ್ರಾಫಿಕ್ ಪೊಲೀಸಿನವನು ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತ. ಒಬ್ಬ ಅಂಗಡಿಯವನು ತನ್ನ ಹಣ್ಣು ಪಚಕ್ಕೆಂದಾಗ ಎದೆಯ ಮೇಲೆ ಕೈಯಿಟ್ಟು ಉಸಿರುಬಿಟ್ಟ. ಎರ್ರಿಸ್ವಾಮಿ ಕಣ್ಣು ಮುಚ್ಚಿ ಎಣಿಸುತ್ತಿದ್ದ.

‘ನಲವತ್ತಾರು ಮಂದಿದು ಆತು ಜಂಬಣ್ಣ’ ಅಂದ. ‘ನಲವತ್ತಾರು ಮಂದಿ ದೃಷ್ಟಿ ನನ್ನ ಮ್ಯಾಲೆ ಬಂತು. ನನ್ನ ವೈರಿಗೊಳೂ ಅದಾರ ಅದರಾಗ.’

‘ಪ್ರತಿ ಹಣ್ಣಿಗೂ ಹಿಡಿತ ಹೆಂಗ ಕೂತದ ನೋಡು. ಒಂದರ ಜಾರೇತೇನು?’ ಅಂದರು ಮಾವ.

ಹಣ್ಣು ಮುಗಿದ ಮೇಲೆ ಗಾಡಿ ತೂಕಡಿಸಿತು. ಅಷ್ಟರಲ್ಲಿ ಡಬ್ಬಿಯ ತಂತಿ ಕಿತ್ತು, ಕ್ರೇನಿಗೆ ಹೇಳಿ ಅಂಗಡಿಗೆ ಎಳೆಸಿದೆವು.

ಚಕ್ರ ಬಿಚ್ಚಲು ಹೋದರೆ ಬರಲಿಲ್ಲ. ತೊಗಲು ರಿಮ್ಮಿನ ಒಳಗೂ ಹಬ್ಬಿ ನಟ್ಟುಗಳನ್ನು ಮುಷ್ಟಿಯಂತೆ ಹಿಡಿದಿತ್ತು. ಶುಕ್ರವಾರ ಸಂಜೆಯವರೆಗೆ ಪಾನಾ, ಸಬ್ಬಲ್, ಸುತ್ತಿಗೆ ಎಲ್ಲ ಆಯಿತು. ಕೊಯ್ಯಲು ಬ್ಲೇಡ್ ತಂದೆ. ಮಾವ ನನ್ನ ಕೈ ಹಿಡಿದರು.

‘ಬ್ಯಾಡವ್ವ ದಾಕ್ಷಿ. ಎಡಗಡೆ ಎರಡಕ್ಕ ನಾನು ಹಚ್ಚೀನಿ. ಬಲಗಡೆ ಎರಡು ಕೊಟ್ರ ಹಚ್ಚಿದ್ದು. ನೋಡು, ಅವನದು ನನಗಿಂತ ಸಾಪ್ ಐತಿ.’

ನೋಡಿದೆ. ಸಾಪಾಗಿಯೇ ಇತ್ತು. ಬೆರಳಾಡಿಸಿದ ಗುರುತೂ ಇರಲಿಲ್ಲ.

‘ತೊಗಲು ನಿಮ್ದು ಮಾವ. ಚಕ್ರ ಮಾಬುನ್ನಿದು. ನಾಡಿದ್ದು ತಾಂಡಾದಾಗ ಕೂಸುಗಳು ಕಾಯ್ತಾವ’ ಅಂದೆ.

ಅವರು ಬ್ಲೇಡ್ ತೆಗೆದುಕೊಂಡರು. ಕೊಯ್ಯಲಿಲ್ಲ. ಕೈಯಲ್ಲೇ ಹಿಡಿದು ಕೂತರು. ನಾನೂ ಕೂತೆ. ಕೂತು ಮೂರು ರಸ್ತೆಯಲ್ಲಿ ಕಿಟಕಿಯಿಂದ ಬಗ್ಗಿ ಕಂಡದ್ದನ್ನು ನೆನೆದೆ. ಒಂದೊಂದು ಹಣ್ಣು ಹತ್ತಿದಾಗಲೂ ತೊಗಲು ಒಂದು ಉಸಿರಿನಷ್ಟು ಹೊತ್ತು ಸಡಿಲಾಗುತ್ತಿತ್ತು. ತನ್ನ ನೆಲ ಸಿಕ್ಕರೆ ಅದಕ್ಕೆ ಏನನ್ನೂ ಬಿಗಿಹಿಡಿಯುವ ಅಗತ್ಯವಿಲ್ಲ. ಹಾಗಾದರೆ ಕೊಯ್ಯುವುದೇಕೆ, ಸಾಕೆನ್ನುವಷ್ಟು ನೆಲ ಕೊಟ್ಟರಾಯಿತು. ಹೇಳಿದೆ. ಮಾವ ಎದ್ದು ಮಾರ್ಕೆಟ್ಟಿಗೆ ಫೋನು ಮಾಡಿದರು.

ಶನಿವಾರ ಬೆಳಿಗ್ಗೆ ನಿಂಬೆಹಣ್ಣಿನ ಹುಸೇನಪ್ಪ ತಳ್ಳುಗಾಡಿಯಲ್ಲಿ ಮೂರು ಚೀಲ ತಂದ. ಅಂಗಡಿಯ ನೆಲದ ಮೇಲೆ ಸುರಿದೆವು. ಉಪ್ಪಿನಕಾಯಿಗೆ ಇಷ್ಟು ಯಾಕೆ ಎಂದು ಹುಸೇನಪ್ಪ ಕೇಳಿದ. ಮಾವ ಗಾಡಿಯನ್ನು ಮುಂದೆ ಬಿಟ್ಟರು, ಹಿಂದೆ ತಂದರು. ಎರಡನೆಯ ಚೀಲ ಮುಗಿಯುವಾಗ, ಹಬ್ಬದೂಟ ಉಂಡವನು ಉಡಿದಾರ ಸಡಿಲಿಸುವಂತೆ, ನಾಲ್ಕೂ ತೊಗಲು ರಿಮ್ಮು ಬಿಟ್ಟು ಜಾರಿ ನೆಲಕ್ಕೆ ಮಲಗಿದವು. ಒಳಗೆ ಮಾಬುನ್ನಿಯ ಟೈರುಗಳು ಇದ್ದ ಹಾಗೇ ಇದ್ದವು.

ಎರ್ರಿಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಆ ದೃಷ್ಟಿಗಳನ್ನೆಲ್ಲ ಹೊತ್ತ ಗುರುವಾರದಿಂದ ಈಚೆಗೆ ಅವನು ಯಾರ ಎದುರೂ ಕೂರುತ್ತಿರಲಿಲ್ಲ. ಇನ್ನು ತನ್ನ ಗಾಡಿಗೆ ಏನು ಹಾಕಲಿ, ಕಲ್ಲು ಓದಿದವಳು ನೀನೇ ಹೇಳು ಎಂದ. ಹೇಳಿದೆ. ಊರೊಳಗೆ ಓಡಾಡಲು ಸದ್ಯಕ್ಕೆ ಅವನ ಹಳೆಯ ಚಕ್ರಗಳೇ ಸಾಕು. ಗುಡ್ಡಕ್ಕೆ ಹದಿನೆಂಟು ಇಂಚಿನ ರಿಮ್ಮು, ಅದಕ್ಕಿಂತ ಚಿಕ್ಕದು ಅವನ ಬ್ರೇಕಿಗೆ ತಾಗುತ್ತದೆ. ರಿಮ್ಮು ಚಿಕ್ಕದಾದಷ್ಟೂ ಪಕ್ಕದ ರಬ್ಬರು ಎತ್ತರ, ಕಲ್ಲು ಬಡಿದರೆ ರಬ್ಬರು ಬಾಗುತ್ತದೆ, ರಿಮ್ಮು ಸೀಳುವುದಿಲ್ಲ. ಗಾಡಿಯ ಭಾರ ಹೊರುವಂಥ, ಪಕ್ಕ ಗಟ್ಟಿಯಿರುವ ಟೈರು. ಹಲ್ಲು ನಡುತರದ್ದಿರಲಿ, ತೀರ ದೊಡ್ಡ ಹಲ್ಲು ಡಾಂಬರಿನ ಮೇಲೆ ಅರಚುತ್ತದೆ. ಹತ್ತುವಾಗ ಗಾಳಿ ಇಳಿಸಬೇಕು, ಇಳಿದ ಮೇಲೆ ತುಂಬಬೇಕು. ಸ್ಟೆಪ್ನಿಯೂ ಅದೇ ಅಳತೆಯದು.

‘ಸಣ್ಣ ಕಾಣ್ತದಲ್ಲವ್ವ ಹದಿನೆಂಟು’ ಎಂದ.

ಗುಡ್ಡ ನೋಡುವುದಿಲ್ಲ ಎಂದೆ. ಆರ್ಡರ್ ಪುಸ್ತಕದಲ್ಲಿ ಕೊಟ್ರೇಶ ಇದೇ ಅಳತೆಯನ್ನು ಮೊದಲೇ ಬರೆದಿಟ್ಟಿದ್ದ. ಕೆಳಗೆ ಸಹಿ ಹಾಕಿಸಿದೆ.

ನಾವು ಮಾತಾಡುತ್ತಿದ್ದಾಗ ತೊಗಲುಗಳಿಗೆ ಬಿಸಿಲು ತಾಗಿತು. ಹುಸೇನಪ್ಪ ಉಳಿದ ಚೀಲ ಹೇರಿಕೊಂಡು ಹೊರಟಿದ್ದ. ನಾಲ್ಕೂ ಎದ್ದು, ಬಳೆಗಳಂತೆ ನಿಂತು, ಅವನ ಹಿಂದೆ ಉರುಳಿದವು. ಮೇಲೆ ಗಾಡಿಯ ಭಾರವಿಲ್ಲ, ಹಣ್ಣು ಒಡೆಯಲಾರವು. ಸುಮ್ಮನೆ ಜೊತೆಗೆ ಹೋಗುತ್ತವೆ, ಅವನು ನಿಂತಲ್ಲಿ ನಿಲ್ಲುತ್ತವೆ. ಹುಸೇನಪ್ಪ ಮೊದಲ ದಿನ ಓಡಿದ. ಈಗ ವ್ಯಾಪಾರ ಎರಡು ಪಟ್ಟಾಗಿರುವುದರಿಂದ ದೂರುವುದನ್ನು ಬಿಟ್ಟಿದ್ದಾನೆ. ಮಾವ ದಿನಾ ಮಾರ್ಕೆಟ್ಟಿಗೆ ಹೋಗಿ, ಬೇಡದಿದ್ದರೂ ಎರಡು ಹಣ್ಣು ಕೊಳ್ಳುತ್ತಾರೆ. ಬಲಗಡೆಯ ಎರಡನ್ನು ಅವರು ನೋಡಿದ ಕೂಡಲೇ ಗುರುತಿಸುತ್ತಾರಂತೆ.

ಆ ಶನಿವಾರವೇ ಚಕ್ರಗಳನ್ನು ನಾನೇ ಒಂದೊಂದಾಗಿ ಉರುಳಿಸಿಕೊಂಡು ಹಿಂದಿನ ಓಣಿಗೆ ಹೋದೆ. ನಾಲ್ಕು ಸಲ. ನಾಲ್ಕನೆಯ ಸಲ ಹೋದಾಗ ಮಾಬುನ್ನಿ ಮೊದಲ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೈರಿನ ಸಂದಿನಿಂದ ಅಂಗಡಿಯ ನೆಲದಲ್ಲಿ ಹತ್ತಿಕೊಂಡ ನಿಂಬೆಬೀಜಗಳನ್ನು ಸ್ಕ್ರೂಡ್ರೈವರಿನಲ್ಲಿ ಕೀಳುತ್ತಿದ್ದಳು.

‘ಏನ್ ಮಾಡ್ಯಾನ ನಿನ್ನ ಗಂಡ ಇವಕ್ಕ?’ ಎಂದು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

‘ಅವ ಏನೂ ಮಾಡ್ಲಿಲ್ಲ’ ಅಂದೆ. ‘ಅವ ಇರ್ಲಿಲ್ಲ.’

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. ಆಮೇಲೆ ಒಳಗೆ ಹೋಗಿ ಎರಡನೆಯ ಪಾನಾ ತಂದು ನನ್ನ ಕೈಗೆ ಕೊಟ್ಟಳು. ನಾಲ್ಕು ಚಕ್ರ, ಒಂದೊಂದಕ್ಕೆ ಐದು ನಟ್ಟು. ಮಧ್ಯಾಹ್ನದ ಬಿಸಿಲೇರುವ ಮೊದಲು ಮುಗಿಯಿತು.