ಟೈಲರ್ ಕಾಕನಿಗೆ ನಾನು ಹೇಳಿದ ಸಾಕ್ಷಿ

ಡಬ್, ಡಬ್, ಡಬ್. ನಿಂತ ಬಸ್ಸಿನ ತಗಡಿಗೆ ಪೊಲೀಸಿನವರ ಲಾಠಿ ಬಡಿಯುವ ಸದ್ದು. ಅರುವತ್ತು ವರ್ಷದ ಮೇಲೂ ಅದು ನೆನಪಾದರೆ ಸಾಕು, ಆಧಾರ್ ಕಾರ್ಡ್ ಇದೆಯೇ ಎಂದು ನೋಡಲು ನನ್ನ ಕೈ ತಾನಾಗಿ ವ್ಯಾನಿಟಿ ಬ್ಯಾಗಿಗೆ ಹೋಗುತ್ತದೆ. ಒಮ್ಮೆ ಮುಟ್ಟಿದರೆ ಸಾಲದು, ಐದು ನಿಮಿಷಕ್ಕೆ ಮತ್ತೆ ಮುಟ್ಟಬೇಕು. ಇವಳೇ ಬಾಂಬು ತಡವುತ್ತಿದ್ದಾಳೆಂದು ಪಕ್ಕದವರು ಸೀಟು ಬದಲಿಸಿದ್ದೂ ಉಂಟು. ಕಾನ್ವೆಂಟಿನ ಸಿಸ್ಟರುಗಳು "ಡೋಂಟ್ ಫಿಜೆಟ್, ಚೈಲ್ಡ್" ಎಂದು ಗೆಣ್ಣಿಗೆ ಸ್ಕೇಲಿನಲ್ಲಿ ಕೊಟ್ಟದ್ದೆಲ್ಲ ವೇಸ್ಟ್.

ತಪಾಸಣೆಯೇ ಬೇಡವೆನ್ನುವಷ್ಟು ದಡ್ಡಿ ನಾನಲ್ಲ. ಬಸ್ಸು, ರೈಲುಗಳಲ್ಲಿ ಬಾಂಬಿಡುವ ಪಾಪಿಗಳಿರುವ ಕಾಲ. ಬ್ಯಾಗು ಬಿಚ್ಚಿ ಎಂದರೆ ನಾನೇ ಮೊದಲು ಬಿಚ್ಚುತ್ತೇನೆ. ಬಿಚ್ಚಿ ಎನ್ನದಿದ್ದರೆ, ಉಳಿದವರನ್ನೂ ಹೀಗೇ ಬಿಟ್ಟರೇನೋ ಎಂದು ಇನ್ನಷ್ಟು ತಳಮಳ. ಆದರೆ ಚೀಲದಲ್ಲಿ ಏನಿದೆಯೆಂದು ಯಂತ್ರ ಹೇಳೀತು, ಚೀಲ ಹಿಡಿದವರು ಯಾರೆಂದು ಕಾರ್ಡು ಎಷ್ಟು ಹೇಳೀತು? ಈ ತಕ್ಕಡಿ ನನ್ನೊಳಗೆ ಕೇರಳ ಗಡಿಯ ಮಾಕುಟ್ಟದಲ್ಲಿ ಬಸ್ಸು ನಿಂತ ಆ ದಿನದಿಂದಲೂ ತೂಗಾಡುತ್ತಲೇ ಇದೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷ. ದೇಶದ ಗಡಿಯಲ್ಲಿ ಯುದ್ಧ. ಯಾರೋ ಸೇತುವೆ ಹಾರಿಸುತ್ತಾರಂತೆ, ಬಸ್ಸಿನಲ್ಲೇ ಬಾಂಬು ಸಾಗಿಸುತ್ತಾರಂತೆ ಎಂದು ನಾಪೋಕ್ಲು ಸಂತೆಯಲ್ಲಿ ಒಣಮೀನಿಗಿಂತ ಹೆಚ್ಚು ಸುದ್ದಿ ಖರ್ಚಾಗುತ್ತಿತ್ತು. ನಾನು ಕಣ್ಣೂರಿನ ಅಕ್ಕನ ಮನೆಗೆ ಹೊರಟಿದ್ದೆ. ಮಾಕುಟ್ಟದವರೆಗೆ ಚಿಕ್ಕಪ್ಪ ಜೊತೆಗೆ, ಅಲ್ಲಿಂದಾಚೆ ಟೈಲರ್ ಕಾಕ. ವರ್ಷಕ್ಕೆರಡು ಸಲ ಬಂದು ನಮ್ಮ ಜಗಲಿಯಲ್ಲಿ ಕೂತು, ಮನೆಮಂದಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದ ಮಲಯಾಳಿ ಅವನು. ನನ್ನ ಮೊದಲ ಫ್ರಾಕೂ ಅವನದೇ; ನನ್ನನ್ನು ಕರೆಯುತ್ತಿದ್ದದ್ದು ಮೋಳ್, ಮಗಳೇ, ಎಂದು. ಮರುದಿನ ಅವನ ಮಗಳ ನಿಕಾಹ್. ಕಾಲಡಿಯ ಗೋಣಿಯಲ್ಲಿ ಅವಳಿಗೆಂದು ಕೊಂಡ ಹೊಲಿಗೆ ಮೆಷಿನ್ನಿನ ತಲೆ, ಅದರ ಸುತ್ತ ಅವನೇ ಹೊಲಿದ ಮದುವೆ ಕುಪ್ಪಾಯ, ಉದ್ದ ತೋಳಿನ ರವಿಕೆ.

ಚೆಕ್‌ಪೋಸ್ಟಿನಲ್ಲಿ ಬಯಲುಸೀಮೆಯಿಂದ ಹೊಸದಾಗಿ ಬಂದ ದಫೇದಾರ. ಚಿಕ್ಕಪ್ಪನ ತೊಡೆಗಳ ನಡುವೆ ಕೋವಿ ನಿಂತಿತ್ತು.

"ಏನ್ರೀ ಇದು?"

"ಕೋವಿ. ಕಾಣ್ತಿಲ್ಲೆನಾ?" ಎಂದ ಚಿಕ್ಕಪ್ಪ, ನಮ್ಮ ಮನೆತನದ ಕೋವಿಗೆ ಲೈಸೆನ್ಸು ಬೇಡವೆನ್ನುವ ಸರ್ಕಾರಿ ಚೀಟಿ ತೆಗೆದರು. ದಫೇದಾರ ಓದಿ ಸೆಲ್ಯೂಟ್ ಹೊಡೆದ. ಚಿಕ್ಕಪ್ಪ ಇಳಿದು, ಕಾಯುತ್ತಿದ್ದ ಗೆಳೆಯನ ಜೀಪು ಹತ್ತಿ ಹೊರಟೇಬಿಟ್ಟರು. ಇಡೀ ಬಸ್ಸಿನಲ್ಲಿ ಕಾಗದಪತ್ರ ಸರಿಯಾಗಿದ್ದದ್ದು ಆ ಕೋವಿಗೆ ಮಾತ್ರ.

ಅಷ್ಟರಲ್ಲಿ ಲಾಠಿ ಗೋಣಿಗೆ ತಾಗಿ ಒಳಗಿನ ಕಬ್ಬಿಣ ಠಣ್ ಎಂದಿತು. ಕಾಕನನ್ನು ಇಳಿಸಿ ಗೋಣಿ ಬಿಚ್ಚಿಸಿದರು; ಮೆಷಿನ್ನಿನ ತಲೆ ಕಂಡರೂ ಅದರೊಳಗೆ ಏನು ತುಂಬಿದೆಯೋ ಎಂಬ ಅನುಮಾನ ಹೋಗಲಿಲ್ಲ. ನಾನು ಕಿಟಕಿಯಿಂದ ತಲೆ ಹಾಕಿ, "ಎಕ್ಸ್‌ಕ್ಯೂಸ್ ಮಿ, ಆಫೀಸರ್, ಐ ನೋ ದಿಸ್ ಮ್ಯಾನ್ ವೆರಿ ವೆಲ್" ಎಂದೆ.

"ಹೌದಾ? ಏನಮ್ಮ ಇವನ ಹೆಸರು?"

"ಟೈಲರ್ ಕಾಕ."

"ಅದು ಕಸುಬಾಯ್ತು. ಹೆಸರು ಹೇಳಿ." ಕಾಕ ಬಾಯಿ ತೆರೆದ. "ನೀನ್ ಸುಮ್ಕಿರಯ್ಯ, ಅವರೇ ಹೇಳ್ಲಿ. ಊರಾದ್ರೂ ಗೊತ್ತಾ?"

"ಆ ಕಡೆ," ಎಂದು ಕಾಡಿನತ್ತ ಕೈ ತೋರಿಸಿದೆ. ಬಸ್ಸಿಗೆ ಬಸ್ಸೇ ನಕ್ಕಿತು. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ "ಯಾವ ಮನೆ?" ಎಂದು ಮೂರು ತಲೆಮಾರು ಕೆದಕುವ ಜನ ನಾವು. ಜಗಲಿಯಲ್ಲಿ ಅಷ್ಟು ವರ್ಷ ಕೂತವನನ್ನು ಒಮ್ಮೆಯೂ ಕೇಳಿರಲಿಲ್ಲ. ದಫೇದಾರನ ಮೇಲೆ ನನಗೆ ಈಗಲೂ ಕೋಪವಿಲ್ಲ. ಗೋಣಿ ಠಣ್ ಎಂದರೆ ಕೇಳಲೇಬೇಕು, ಕೇಳಿದ್ದೂ ಸುಲಭದ ಪ್ರಶ್ನೆಯನ್ನೇ.

ಅವನ ಸಂಶಯ ಈಗ ನನ್ನ ಕಡೆ ತಿರುಗಿತು. "ಹಂಗಾದ್ರೆ ನೀವ್ಯಾರು? ಗುರುತಿಗೆ ಏನೈತೆ?" ಬ್ಯಾಗಿನಲ್ಲಿದ್ದದ್ದು ಪೌಡರ್ ಡಬ್ಬಿ, ನಾಲ್ಕು ಪೆಪ್ಪರ್‌ಮಿಂಟು. ನನ್ನ ಇಂಗ್ಲಿಷೂ ಕೈಕೊಟ್ಟಿತು.

"ಸಾರೇ," ಎಂದ ಕಾಕ, "ಅದ್ ಬಾಣೆಕರೆ ಮನೆಯ ಲೀಲಾವತಿ ಮೋಳ್. ಎರಡನೇ ಮಗಳು. ಎಡಗೈ ಬಲಗೈಗಿಂತ ಅರ್ಧ ಇಂಚು ಗಿಡ್ಡ, ಬೇಕಾದ್ರೆ ಟೇಪ್ ಕೊಡ್ತೇನೆ, ಅಳೆದು ನೋಡಿ. ಮೋಳನ್ನ ಬಿಡಿ, ಅಕ್ಕ ಕಾಯ್ತಾರೆ."

ದಫೇದಾರನಿಗೂ ನಗು ತಡೆಯಲಾಗಲಿಲ್ಲ. ನನ್ನನ್ನು ಬಿಟ್ಟ. "ನೀನಿರು. ಸಾಹೇಬ್ರು ನಾಳೆ ಬರ್ತಾರೆ, ಅವರೇ ನೋಡ್ಲಿ."

"ನಾಳೆ ನಿಕಾಹ್, ಸಾರೇ."

ಕಂಡಕ್ಟರು ರೈಟ್ ಎಂದ. ಕಾಕ ಮತ್ತೆ ನಮ್ಮ ಜಗಲಿಗೆ ಬರಲಿಲ್ಲ. ಹುಡುಕಿಸೋಣವೆಂದರೆ ಯಾವ ಹೆಸರು ಹೇಳಿ ಹುಡುಕಿಸುವುದು? ಅವನನ್ನು ಕೊನೆಯ ಸಲ ಕಂಡದ್ದು ಆ ಕಿಟಕಿಯಿಂದಲೇ. ಬೆಂಚಿನ ಮೇಲೆ ಕೂತು, ಪೊಲೀಸರು ಕೆದರಿದ ಕುಪ್ಪಾಯವನ್ನು ಹಳೆಯ ಮಡಿಕೆಯಲ್ಲೇ ಮಡಿಸುತ್ತಿದ್ದ. ಇಳಿದು ಅವನ ಪರ ಇನ್ನೆರಡು ಮಾತಾಡಬಹುದಿತ್ತು. ಕಡೇಪಕ್ಷ ಹೆಸರಾದರೂ ಕೇಳಬಹುದಿತ್ತು. ನಿಜ ಹೇಳುತ್ತೇನೆ, ಎದ್ದೆ ಕೂಡ. ಆದರೆ ಹಿಂದೆ ನಿಂತಿದ್ದ ಹೆಂಗಸೊಬ್ಬಳು ನನ್ನ ಕಿಟಕಿ ಸೀಟಿನ ಮೇಲೆ ಬುಟ್ಟಿ ಇಡಲು ಬಗ್ಗಿದಳು. ಥಟ್ಟನೆ ಕೂತುಬಿಟ್ಟೆ.