ಹಳೇಪೇಟೆಗೊಂದು ಮರಣಪತ್ರ

ಬಹಳ ಹಿಂದೆ, ಇಸವಿ ಹೇಳಿದರೆ ಯಾರಾದರೂ ಮೊಕದ್ದಮೆ ಹೂಡಿಯಾರು ಎಂಬ ಭಯವಿಲ್ಲದಷ್ಟು ಹಿಂದೆ, ಮೆರವಣಿಗೆಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ, ಉದ್ಘಾಟನಾಚತುರ, ಕತ್ತರಿಹಸ್ತ ವಿಜೃಂಭಣವರ್ಮನು ಆಳುತ್ತಿದ್ದನು. ರಿಬ್ಬನ್ ಕತ್ತರಿಸದ ದಿನ ಪ್ರಭುಗಳಿಗೆ ಅನ್ನ ಸೇರುತ್ತಿರಲಿಲ್ಲ. ರಾಜಧಾನಿಯೇನೂ ದೊಡ್ಡದಲ್ಲ. ಅದರ ನಡುವೆ ಹಳೇಪೇಟೆ, ಹಳೇಪೇಟೆಯ ನಡುವೆ ಗಡಿಯಾರ ಕಂಬ, ಕಂಬದ ಬುಡದಲ್ಲಿ ಹಾಲಮ್ಮನ ಮಿರ್ಚಿ-ಮಂಡಕ್ಕಿ ಅಂಗಡಿ. ಅವಳ ಅಜ್ಜಿ ಹೂಡಿದ ಒಲೆ ಅದು. ಹಾಲಮ್ಮನಿಗೆ ಅದನ್ನು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ, ಬೇಕು ಎಂದು ಅನ್ನಿಸಿಯೂ ಇರಲಿಲ್ಲ.

ಅವಳು ಆಸೆಪಟ್ಟಿದ್ದು ಒಂದೇ, ಅಂಗಡಿ ಮುಂದಿನ ಚರಂಡಿಗೆ ಒಂದು ಕಲ್ಲುಚಪ್ಪಡಿ. ಗಿರಾಕಿಗಳು ಮಿರ್ಚಿ ಕಚ್ಚಿ, ಖಾರಕ್ಕೆ ಬಾಯಿ ತೆರೆದು, ಎರಡು ಹೆಜ್ಜೆ ಹಿಂದೆ ಸರಿದು ಚರಂಡಿಗೆ ಕಾಲಿಡುವುದನ್ನು ನೋಡಿ ನೋಡಿ ಅವಳಿಗೆ ರೋಸಿಹೋಗಿತ್ತು. ಏಳು ವರ್ಷ ಏಳು ಅರ್ಜಿ ಕೊಟ್ಟಳು. ಎಂಟನೆಯದಕ್ಕೆ ಅರಮನೆಯಿಂದ ಪಲ್ಲಕ್ಕಿಯೇ ಬಂತು.

ಆಸ್ಥಾನದಲ್ಲಿ ಅವಳಿಗೆ ತಿಳಿದುಬಂದ ಸಂಗತಿ ಇದು: ದೂರದ ಚಕ್ರವರ್ತಿಗಳು ಐತಿಹಾಸಿಕ ಪೇಟೆಗಳ ಪುನಶ್ಚೇತನಕ್ಕೆ ಅನುದಾನ ಘೋಷಿಸಿದ್ದಾರೆ. ಹಾಲಮ್ಮ ಇನ್ನುಮುಂದೆ ಬರೀ ಹಾಲಮ್ಮನಲ್ಲ, ಸ್ಟೇಕ್‌ಹೋಲ್ಡರ್. ಯೋಜನೆಯ ಸಲಹಾಚಾರ್ಯರು ಬಿಳಿ ಪರದೆಯ ಮೇಲೆ ನಾಳಿನ ಹಳೇಪೇಟೆಯ ಚಿತ್ರ ತೋರಿಸಿದರು. ಅದರಲ್ಲಿ ಎತ್ತರದ ಜನ ಬಲೂನು ಹಿಡಿದು ಅಡ್ಡಾಡುತ್ತಿದ್ದರು, ಒಬ್ಬರೂ ಅವಳಿಗೆ ಗುರುತಿನವರಲ್ಲ. ಚಪ್ಪಡಿ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ ಚರಂಡಿ ಎರಡನೇ ಹಂತದಲ್ಲಿ ಬರುತ್ತದೆ ಎಂದರು.

ಆಗ ಮಹಾಮಂತ್ರಿ ಕಡತಸೇನನು ಎದ್ದು ಗಂಟಲು ಸರಿಮಾಡಿಕೊಂಡನು. ಷರತ್ತಿನ ಪ್ರಕಾರ ಅನುದಾನ ಸಿಗುವುದು ಜೀವಕಳೆ ಪೂರ್ತಿ ನಶಿಸಿದ ಪೇಟೆಗಳಿಗೆ ಮಾತ್ರ. ಹಳೇಪೇಟೆಗೆ ಸರ್ವೆಗೆ ಹೋದವನೋ ಸಂತೆಯ ನೂಕುನುಗ್ಗಲಿನಲ್ಲಿ ಚಪ್ಪಲಿ ಕಳೆದುಕೊಂಡು ಬಂದಿದ್ದಾನೆ. ಪೇಟೆ ಉಸಿರಾಡುತ್ತಿದೆ ಎಂಬುದು ಅವನ ವರದಿ.

ಮಹಾರಾಜರ ಮುಖ ಬಾಡಿತು. “ನಮ್ಮ ಪೇಟೆ ಬದುಕಿದೆಯೇ? ಇಂಥ ವಿಷಯ ಇದುವರೆಗೆ ನಮ್ಮ ಗಮನಕ್ಕೇಕೆ ಬರಲಿಲ್ಲ?”

“ಹಿಂದಿನ ಅರಸರ ಕಾಲದಿಂದಲೂ ಬದುಕಿದೆ ಪ್ರಭು,” ಎಂದನು ಕಡತಸೇನ. “ಇದರಲ್ಲಿ ನಮ್ಮ ಪಾತ್ರ ಏನೇನೂ ಇಲ್ಲ.”

ಸಭೆ ನಿಟ್ಟುಸಿರು ಬಿಟ್ಟಿತು. ಕೂಡಲೇ ರಾಜವೈದ್ಯರನ್ನು ಕಳಿಸಲಾಯಿತು. ಅವರು ಹಳೇಪೇಟೆಗೆ ಬಂದು, ಗಡಿಯಾರ ಕಂಬದ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ನಿಂತರು. ಗಡಿಯಾರ ಕೆಟ್ಟು ಹನ್ನೊಂದು ವರ್ಷವಾಗಿತ್ತು. ನಾಡಿ ನಿಂತಿದೆ ಎಂದು ಬರೆದುಕೊಟ್ಟರು. ಅದರ ಕೆಳಗೆ ಹತ್ತಿರದ ಸಂಬಂಧಿಕರು ಎಂದಿದ್ದ ಜಾಗದಲ್ಲಿ ಹಾಲಮ್ಮನ ಸಹಿ ಬೇಕಾಗಿತ್ತು.

“ಬುದ್ಧಿ, ಪ್ಯಾಟಿ ಸತ್ತೈತಿ ಅಂತ ಬರದ್ರ ನಾಳಿ ನನ್ನ ಬಾಂಡ್ಲಿ ಇಡಾಕ ಬಿಡ್ತೀರಿ ಹೌದಿಲ್ಲೋ?” ಎಂದು ಅವಳು ಕಡತಸೇನನನ್ನು ಕೇಳಿದಳು.

“ಸಾಯುವುದು ಕಾಗದದ ಮೇಲೆ ಮಾತ್ರ ತಾಯಿ.”

ಹಾಲಮ್ಮ ಚಪ್ಪಡಿಯನ್ನು ನೆನೆದು ಸಹಿ ಹಾಕಿದಳು.

ಆದರೆ ಮೆರವಣಿಗೆಪುರದಲ್ಲಿ ಒಮ್ಮೆ ಸಾವು ದಾಖಲಾಯಿತೆಂದರೆ ಮುಂದಿನದೆಲ್ಲ ತಾನಾಗಿಯೇ ನಡೆಯುತ್ತಿತ್ತು. ರಾಜಪುರೋಹಿತರು ಸೂತಕ ಘೋಷಿಸಿದರು. ಹದಿಮೂರನೇ ದಿನಕ್ಕೆ ಸರ್ಕಾರಿ ಸಮಾರಾಧನೆ ಗೊತ್ತಾಯಿತು. ಡಂಗುರದವನು ಊರೂರು ಸುತ್ತಿ ಹಳೇಪೇಟೆ ದೈವಾಧೀನವಾಯಿತೆಂದು ಸಾರಿದನು. ಬೀದಿಯೊಂದು ಸತ್ತದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಜನ ಗಾಡಿ ಕಟ್ಟಿಕೊಂಡು ಹೊರಟುಬಂದರು. ಬಂದವರು ಸುಮ್ಮನೆ ಹೋಗುತ್ತಾರೆಯೇ? ಬಳೆ ಇಟ್ಟುಕೊಂಡರು, ಕೊಡೆ ರಿಪೇರಿ ಮಾಡಿಸಿದರು, ಕುಪ್ಪಸಕ್ಕೆ ಅಳತೆ ಕೊಟ್ಟರು. ಹಾಲಮ್ಮನ ಮುಂದೆ ನಿಂತು, “ಏನಾಗಿತ್ತಂತ್ರೀ, ನಿನ್ನಿ ತನಾ ಚಲೋ ಇತ್ತಲ್ಲ?” ಎಂದು ಲೊಚಗುಟ್ಟಿ, ಇನ್ನೆರಡು ಪ್ಲೇಟ್ ಹೇಳಿದರು. ಅವಳ ಅಜ್ಜಿಯ ಕಾಲದಲ್ಲೂ ಅಂಥ ವ್ಯಾಪಾರ ಆಗಿರಲಿಲ್ಲ. ಹಾಲಮ್ಮ ಬೆವರು ಒರೆಸಿಕೊಳ್ಳುತ್ತ, ನಗು ತಡೆಯಲಾರದೆ, ಹಿಟ್ಟು ಕಲಸಿದ್ದೇ ಕಲಸಿದ್ದು. ವರ್ಷಕ್ಕೊಮ್ಮೆ ಸತ್ತರೂ ಪರವಾಗಿಲ್ಲ ಅನ್ನಿಸಿತು ಅವಳಿಗೆ.

ಹದಿಮೂರನೇ ದಿನವೇ ಚಕ್ರವರ್ತಿಗಳ ತಪಾಸಣಾಧಿಕಾರಿ ಬಂದು ಇಳಿದನು. ಜನರ ನಡುವೆ ಅವನ ಕುದುರೆ ಮುಂದೆ ಹೋಗಲಿಲ್ಲ. ಇದೇನು ಎಂದು ಅವನು ಹುಬ್ಬು ಗಂಟಿಕ್ಕಲು, ಕಡತಸೇನನು ಕಣ್ಣೊರೆಸಿಕೊಂಡು, ಇವರೆಲ್ಲ ದುಃಖತಪ್ತರು ಎಂದನು. ದುಃಖತಪ್ತರ ಕೈಯಲ್ಲಿ ಮಿರ್ಚಿ ಇತ್ತು. ಶೋಕ ಕಡಿಮೆಯಾದ ಮೇಲೆ ಬರುತ್ತೇನೆ, ಅಲ್ಲಿಯವರೆಗೆ ಅನುದಾನಕ್ಕೆ ತಡೆ ಎಂದು ಬರೆದು ಅವನು ಕುದುರೆ ತಿರುಗಿಸಿದನು.

ಅಂದೇ ಸಂಜೆ ರಾಜಾಜ್ಞೆ ಹೊರಟಿತು: ಮೃತ ಪೇಟೆಯ ಘನತೆಯನ್ನು ಕಾಪಾಡುವ ಸಲುವಾಗಿ ಅಂಗಡಿಕಾರರೆಲ್ಲರೂ ಕೋಟೆಯಾಚೆಯ ಕುರಿಹಟ್ಟಿಯ ಬಯಲಿಗೆ ತಾತ್ಕಾಲಿಕವಾಗಿ ಸ್ಥಳಾಂತರಗೊಳ್ಳತಕ್ಕದ್ದು. ಪೇಟೆಗೆ ಜೀವ ಬಂದ ಕೂಡಲೇ ತಿಳಿಸಲಾಗುವುದು.

ಹಾಲಮ್ಮ ಓಡಿಹೋಗಿ ಕಡತಸೇನನ ದಾರಿಗೆ ಅಡ್ಡ ನಿಂತಳು. “ಕಾಗದದ ಮ್ಯಾಲ ಮಾತ್ರ ಅಂದಿದ್ರಿ.”

“ರಾಜ್ಯ ನಡೆಯುವುದು ಕಾಗದದ ಮೇಲೆಯೇ ಅಲ್ಲವೇ ತಾಯಿ,” ಎಂದನು ಅವನು, ನಿಜವಾಗಿಯೂ ಅಚ್ಚರಿಯಿಂದ. “ಅದನ್ನು ಬಿಟ್ಟು ಬೇರೆ ಜಾಗ ನಾನು ನೋಡಿಲ್ಲ.”

ತೆರವಿಗೆ ಬಂದ ಭಟರು ಒಲೆಯನ್ನು ಒದೆಯುವ ಮೊದಲು ಹಾಲಮ್ಮ ತಾನೇ ಅದಕ್ಕೆ ನೀರು ಸುರಿದಳು. ಮೂರು ತಲೆಮಾರಿನ ಒಲೆ ಆರಲು ಒಂದು ಕೊಡವೂ ಬೇಕಾಗಲಿಲ್ಲ. ಅಳು ಬಂತು. ಹೊಗೆ ಎಂದು ಸುಳ್ಳು ಹೇಳಿದಳು.

ಇನ್ನೊಂದು ತಿಂಗಳಲ್ಲಿ ಹಳೇಪೇಟೆ ಷರತ್ತಿಗೆ ಅನುಗುಣವಾಗಿ ಸತ್ತಿತು. ಈಗ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ತಪಾಸಣಾಧಿಕಾರಿ ತುದಿಯಿಂದ ತುದಿಗೆ ಕುದುರೆ ಓಡಿಸಿ, ಇಷ್ಟು ಅಚ್ಚುಕಟ್ಟಾದ ನಿರ್ಜೀವತೆಯನ್ನು ತಾನೆಲ್ಲೂ ಕಂಡಿಲ್ಲವೆಂದು ಹೊಗಳಿದನು. ಅನುದಾನ ಹರಿದುಬಂತು. ಗ್ರಾನೈಟ್ ಹಾಸು, ಕಮಾನು, ಸಂಗೀತ ಕಾರಂಜಿ, ಆಳೆತ್ತರದ ಅಕ್ಷರಗಳಲ್ಲಿ ‘ಐ ಲವ್ ಹಳೇಪೇಟೆ’, ಸೆಲ್ಫಿ ಪಾಯಿಂಟ್. ಗಡಿಯಾರ ಕಂಬದ ಬುಡದಲ್ಲಿ, ಒಲೆ ಇದ್ದ ಜಾಗದಲ್ಲೇ, ಮಿರ್ಚಿ ಕರಿಯುತ್ತಿರುವ ಹಾಲಮ್ಮನ ಕಂಚಿನ ಪ್ರತಿಮೆ ನಿಂತಿತು. ಮೂಗನ್ನು ಮಾತ್ರ ಸಲಹಾಚಾರ್ಯರು ಸ್ವಲ್ಪ ನೇರ ಮಾಡಿಸಿದ್ದರು.

ಉದ್ಘಾಟನೆಗೆ ಜನ ಬೇಕಲ್ಲ, ಸೈನಿಕರಿಗೆ ಪಂಚೆ ಉಡಿಸಿ, ಕೈಗೊಂದು ಚೀಲ ಕೊಟ್ಟು ಅಡ್ಡಾಡಿಸಿದರು. ಫುಟ್‌ಫಾಲ್, ಅಂದರೆ ಬಂದುಹೋದವರ ಲೆಕ್ಕ, ನಿರೀಕ್ಷೆ ಮೀರಿತು. ಮಹಾರಾಜರು ರಿಬ್ಬನ್ ಕತ್ತರಿಸಿ, ಪ್ರತಿಮೆಗೆ ಹಾರ ಹಾಕುವಾಗ ಹಗ್ಗದಾಚೆಯಿಂದ ಹಾಲಮ್ಮ, “ಅದು ನಾನೇ ಬುದ್ಧಿ,” ಎಂದಳು. ಪ್ರಭುಗಳು ಅವಳನ್ನೊಮ್ಮೆ, ಕಂಚನ್ನೊಮ್ಮೆ ನೋಡಿ, ಹೋಲಿಕೆ ಚೆನ್ನಾಗಿದೆ, ಈ ಹೆಂಗಸಿಗೂ ಒಂದು ಹಾರ ಕೊಡಿ ಎಂದು ಅಪ್ಪಣೆ ಕೊಡಿಸಿದರು. ಅದೇ ವೇದಿಕೆಯಲ್ಲಿ ಚಕ್ರವರ್ತಿಗಳ ಪರವಾಗಿ ಮಹಾರಾಜರಿಗೆ ‘ಪೇಟೆ ಸಂಜೀವಿನಿ’ ಎಂಬ ಬಿರುದು, ಚಿನ್ನದ ಕತ್ತರಿ ಇರುವ ಕಿರೀಟ ದೊರೆತವು. ಬಯಲಿಗೆ ಹೋದ ಅಂಗಡಿಕಾರರು ಯಾವಾಗ ಮರಳುವುದೆಂದು ಕೇಳಲು, ಜೀವ ತುಂಬಿದ ಪೇಟೆಯನ್ನು ಮತ್ತೆ ಗಲೀಜು ಮಾಡುವಂತಿಲ್ಲವೆಂದು ಉತ್ತರ ಬಂತು. ಸಲಹಾಚಾರ್ಯರು ಅಷ್ಟರಲ್ಲಿ ಪಕ್ಕದ ದರ್ಜಿಬೀದಿಯ ಆರೋಗ್ಯ ವಿಚಾರಿಸತೊಡಗಿದ್ದರು.

ಈಗ ಹಾಲಮ್ಮ ಕುರಿಹಟ್ಟಿಯ ಬಯಲಿನಲ್ಲಿ, ಗಾಳಿಗೆ ಸೆರಗು ಅಡ್ಡ ಹಿಡಿದು, ಮೂರು ಕಲ್ಲಿನ ಮೇಲೆ ಬಾಣಲೆ ಇಡುತ್ತಾಳೆ. ಒಂದು ಮಧ್ಯಾಹ್ನ ಸುಂಕದವನು ಬಂದನು. ಕಂಚಿನ ಹಾಲಮ್ಮನ ಧೂಳು ಒರೆಸಿ ಹೊಳಪು ಕೊಡುವ ವೆಚ್ಚವನ್ನು ರಾಜ್ಯದ ಮಿರ್ಚಿ ಮಾರುವವರೆಲ್ಲ ಹೊರಬೇಕೆಂದು ಹೊಸ ಕಾನೂನಾಗಿತ್ತು. ಹಾಲಮ್ಮ ಸೆರಗಿನ ಗಂಟು ಬಿಚ್ಚಿ ಕಾಸು ಕೊಟ್ಟಳು. ಅವನ ಮುಖ ನೋಡಿ ಒಂದು ಪ್ಲೇಟ್ ಮಿರ್ಚಿಯನ್ನೂ ಕೊಟ್ಟಳು. ಹಸಿದಿದ್ದನು ಪಾಪ. ಬೆಳಗಿನಿಂದ ಹಳೇಪೇಟೆಯಲ್ಲೇ ಡ್ಯೂಟಿಯಂತೆ, ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲವಂತೆ.